ಓದುವ ಮನೆ ನುಡಿಯುವ ಮನೆಯೂ ಆಗಲಿ

ಕೆಲವು ವರ್ಷಗಳ ಹಿಂದಿನ ಮಾತು. ಉಪನ್ಯಾಸವೊಂದರ ನಿಮಿತ್ತ ನಾವು ಉತ್ತರ ಕರ್ನಾಟಕದ ಒಂದು ಗ್ರಾಮಕ್ಕೆ ಹೋಗಿದ್ದೆವು. ಕಾರ್ಯಕ್ರಮ ಆರಂಭವಾಗಲು ಇನ್ನೂ ಒಂದು ತಾಸು ಇತ್ತು. ಹೊಸ ಊರಿಗೆ ಹೋದಾಗ ಅಲ್ಲಿಯ ಗ್ರಂಥಾಲಯವನ್ನು ನೋಡಿ ಬರುವುದು ನಮ್ಮ ಹಳೆಯ ಅಭ್ಯಾಸ. ಪಂಚಾಯಿತಿ ಕಟ್ಟಡದ ಮಗ್ಗುಲಲ್ಲಿ ಎರಡು ಕೋಣೆಗಳ ಚೊಕ್ಕಟವಾದ ಗ್ರಂಥಾಲಯವಿತ್ತು. ಮೊದಲನೆಯ ಕೋಣೆಯಲ್ಲಿ ನಾಲ್ಕಾರು ಹಿರಿಯರು ದಿನಪತ್ರಿಕೆ ಓದುತ್ತಿದ್ದರು. ಎರಡನೆಯದರ ಬಾಗಿಲಿಗೆ ಕೀಲಿ ಹಾಕಿತ್ತು. ಕಿಟಕಿಯಿಂದ ಇಣುಕಿದಾಗ ಮೇಜಿನ ಮೇಲೆ ಸಾಲಾಗಿ ಗಣಕಯಂತ್ರಗಳು ಕಂಡವು. ಅವುಗಳಿಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿತ್ತು. ಬಟ್ಟೆಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು ಕುಳಿತಿತ್ತು.

ಗ್ರಂಥಾಲಯದ ಮೇಲ್ವಿಚಾರಕನು ವಿನಯಶೀಲನಾದ ಯುವಕ. "ಈ ಕೋಣೆಗೆ ಕೀಲಿ ಏಕೆ?" ಎಂದು ಕೇಳಿದೆವು. "ಗುರುಗಳ, ಏನರ ಕೆಟ್ಟರ ನನ್ನ ಮ್ಯಾಲ ಬರ್ತೈತ್ರಿ. ತಪಾಸಣೆಗೆ ಬಂದಾಗ ಎಲ್ಲಾ ಹೊಸಾದಂಗ ಇರಬೇಕಲ್ರಿ. ಅದಕ್ಕ ಮುಚ್ಚಿ ಇಟ್ಟೇನ್ರಿ" ಎಂದನು. ಆತನ ಮಾತಿನಲ್ಲಿ ಸೋಮಾರಿತನವಿರಲಿಲ್ಲ, ಭಯವಿತ್ತು. ಬಾಗಿಲ ಬಳಿ ಹತ್ತು ಹನ್ನೆರಡು ವಯಸ್ಸಿನ ಬಾಲಕಿಯೊಬ್ಬಳು ನಿಂತು ನಮ್ಮ ಮಾತನ್ನು ಕೇಳುತ್ತಿದ್ದಳು. ಆ ಕೀಲಿ, ಆ ಭಯ ಮತ್ತು ಆ ಬಾಲಕಿಯ ಕಣ್ಣುಗಳು ಇಂದಿಗೂ ನಮ್ಮ ಮನಸ್ಸಿನಿಂದ ಮರೆಯಾಗಿಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಬಹುಮಾಧ್ಯಮ ಕೊಠಡಿಯೊಂದನ್ನು ಕಟ್ಟುವ ಬಗೆ ಹೇಗೆ ಎಂಬ ವಿಚಾರವನ್ನು ಓದುಗ ಬಂಧುಗಳ ಮುಂದಿಡಲು ಆ ದಿನದ ನೆನಪೇ ಕಾರಣ.

ಸಂಕೋಲೆಯ ಕಥೆ

ಪುಸ್ತಕಕ್ಕೆ ಸಂಕೋಲೆ ಹಾಕುತ್ತಿದ್ದ ಕಾಲವೊಂದಿತ್ತು ಎಂದರೆ ಇಂದಿನ ಮಕ್ಕಳು ನಗಬಹುದು. ಮಧ್ಯಯುಗದ ಯೂರೋಪಿನಲ್ಲಿ ಗ್ರಂಥಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ನಗರದ ಪ್ರಧಾನ ಇಗರ್ಜಿಯಲ್ಲಿ ಅಂತಹ ಗ್ರಂಥಭಂಡಾರವೊಂದನ್ನು ಇಂದಿಗೂ ಸರಪಳಿಗಳ ಸಮೇತ ಕಾಪಾಡಲಾಗಿದೆ. ಕೈಯಿಂದ ಬರೆದ ಒಂದೊಂದು ಪ್ರತಿಗೂ ಅಪಾರ ಶ್ರಮ, ಅಪಾರ ಬೆಲೆ ಇದ್ದ ಕಾಲವದು. ಆದುದರಿಂದ ಕಳವಿನ ಭಯ ಸಹಜವೇ ಆಗಿತ್ತು. ಆದರೆ ಮುದ್ರಣ ಬಂದು ಪುಸ್ತಕಗಳು ಅಗ್ಗವಾದ ಮೇಲೂ ಎಷ್ಟೋ ಕಡೆ ಸರಪಳಿ ಕಳಚಲಿಲ್ಲ. ಕಾರಣ ಹೋದರೂ ಅಭ್ಯಾಸ ಉಳಿಯಿತು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು ತಮ್ಮ ಪ್ರಸಿದ್ಧ ಪಂಚಸೂತ್ರಗಳ ಗ್ರಂಥವನ್ನು 1931ರಲ್ಲಿ ಪ್ರಕಟಿಸಿದರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ತಮ್ಮ ಮೊದಲ ಸೂತ್ರವನ್ನು ವಿವರಿಸುವಾಗ ಅವರು ಈ ಸಂಕೋಲೆಯ ಪ್ರಸ್ತಾಪವನ್ನೇ ಎತ್ತಿಕೊಳ್ಳುತ್ತಾರೆ. ಪುಸ್ತಕವಿರುವುದು ಬಳಕೆಗೆ, ಕಾಪಿಟ್ಟುಕೊಳ್ಳುವುದಕ್ಕಲ್ಲ ಎಂಬುದು ಆ ಸೂತ್ರದ ತಾತ್ಪರ್ಯ. ಗ್ರಂಥಾಲಯವು ಬೆಳೆಯುತ್ತಿರುವ ಜೀವಿಯೆಂಬುದು ಕೊನೆಯ ಸೂತ್ರದ ಸಾರ. ಈ ಮಹನೀಯರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ಕಣ್ಮುಚ್ಚಿದರು ಎಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಪುಸ್ತಕದ ಬಗ್ಗೆ ಅವರು ಹೇಳಿದ್ದು ಗಣಕಯಂತ್ರಕ್ಕೂ ಅನ್ವಯಿಸುತ್ತದೆ. ಆ ಹೂವಿನ ಚಿತ್ತಾರದ ಬಟ್ಟೆ ನಮ್ಮ ಕಾಲದ ಸಂಕೋಲೆಯಲ್ಲದೆ ಮತ್ತೇನು?

ಬಹುಮಾಧ್ಯಮ ಕೊಠಡಿ ಎಂದರೇನು?

ಅಕ್ಷರ, ಚಿತ್ರ, ಧ್ವನಿ, ಚಲನಚಿತ್ರ ಇವು ನಾಲ್ಕೂ ಒಂದೇ ಯಂತ್ರದೊಳಗೆ ಕೂಡಿ ಬಾಳುವುದಕ್ಕೆ ಬಹುಮಾಧ್ಯಮವೆಂದು ಹೆಸರು. ಇಂದು ಕಿಸೆಯಲ್ಲಿರುವ ದೂರವಾಣಿಯೂ ಬಹುಮಾಧ್ಯಮ ಯಂತ್ರವೇ. ಹಾಗಿದ್ದರೆ ಗ್ರಂಥಾಲಯದಲ್ಲಿ ಪ್ರತ್ಯೇಕ ಕೊಠಡಿ ಏಕೆ ಎಂದು ಕೇಳಬಹುದು. ನೋಡುವುದು ಬೇರೆ, ಮಾಡುವುದು ಬೇರೆ. ಬಹುಮಂದಿಯ ಕೈಯಲ್ಲಿ ದೂರವಾಣಿಯು ಇತರರು ಮಾಡಿದ್ದನ್ನು ನೋಡುವ ಕಿಟಕಿ ಮಾತ್ರ. ಗ್ರಂಥಾಲಯದ ಕೊಠಡಿಯಾದರೋ ತಾನೇ ಒಂದನ್ನು ಮಾಡಲು ಕಲಿಯುವ ಕಮ್ಮಟ. ಅಲ್ಲಿ ಉಪಕರಣವಿದೆ, ಹೇಳಿಕೊಡುವವರಿದ್ದಾರೆ, ಜೊತೆಗೆ ಕಲಿಯುವವರಿದ್ದಾರೆ. ಇವೆಲ್ಲ ಉಚಿತವಾಗಿ ದೊರೆಯುತ್ತವೆ.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಎಷ್ಟೋ ಮನೆಗಳಲ್ಲಿ ದೂರವಾಣಿ ಇರುವುದು ಒಂದೇ. ಅದು ತಂದೆಯ ಜೊತೆ ಹೊಲಕ್ಕೆ ಹೋಗುತ್ತದೆ. ಮನೆಗೆ ಬಂದ ಮೇಲೆ ಅಣ್ಣನ ಕೈ ಸೇರುತ್ತದೆ. ತಂಗಿಯ ಸರದಿ ಬರುವಷ್ಟರಲ್ಲಿ ದೀಪ ಆರಿಸುವ ಹೊತ್ತಾಗಿರುತ್ತದೆ. 2020ರಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿ ಪಾಠವೆಲ್ಲ ದೂರವಾಣಿಗೆ ವರ್ಗವಾದಾಗ ಈ ಭೇದ ನಮ್ಮ ಕಣ್ಣಿಗೆ ರಾಚಿತು. ಸಾರ್ವಜನಿಕ ಗ್ರಂಥಾಲಯವು ಯಾರ ಮನೆಯೂ ಅಲ್ಲ. ಆದುದರಿಂದಲೇ ಅದು ಎಲ್ಲರ ಮನೆ.

ಹೊರನಾಡಿನ ಮೂರು ನಿದರ್ಶನಗಳು

ಇಂತಹ ಕೊಠಡಿಗಳನ್ನು ಜಗತ್ತಿನ ಇತರ ದೇಶಗಳು ಹೇಗೆ ಕಟ್ಟಿದವು ಎಂಬುದನ್ನು ತಿಳಿದರೆ ನಮ್ಮ ದಾರಿ ಸುಗಮವಾಗುತ್ತದೆ. ಮೊದಲನೆಯದು ಅಮೆರಿಕೆಯ ಶಿಕಾಗೋ ನಗರದ್ದು. ಅಲ್ಲಿಯ ಹೆರಾಲ್ಡ್ ವಾಷಿಂಗ್ಟನ್ ಕೇಂದ್ರ ಗ್ರಂಥಾಲಯದಲ್ಲಿ 2009ರಲ್ಲಿ 'ಯೂಮೀಡಿಯಾ' ಎಂಬ ಹೆಸರಿನ ವಿಭಾಗ ಆರಂಭವಾಯಿತು. ಸುಮಾರು 5,500 ಚದರ ಅಡಿಯ ಈ ಸ್ಥಳವು ಪ್ರೌಢಶಾಲೆಯ ವಯಸ್ಸಿನ ಮಕ್ಕಳಿಗೆ ಮೀಸಲು. ಮೆಕಾರ್ಥರ್ ಪ್ರತಿಷ್ಠಾನವು ಧನಸಹಾಯ ನೀಡಿತು. ಪುಸ್ತಕಗಳ ಜೊತೆಯಲ್ಲಿಯೇ ಧ್ವನಿಮುದ್ರಣದ ಕೋಣೆ, ಕೀಲಿಮಣೆ ವಾದ್ಯಗಳು, ಛಾಯಾಗ್ರಹಣದ ಉಪಕರಣಗಳು, ಮಡಿಲ ಗಣಕಗಳು ಇವುಗಳನ್ನಿಟ್ಟರು. ಎಲ್ಲಕ್ಕಿಂತ ಮಿಗಿಲಾಗಿ ಕವಿಗಳು, ಸಂಗೀತಗಾರರು, ಚಿತ್ರಕಾರರು ಇವರನ್ನು ಮಾರ್ಗದರ್ಶಕರನ್ನಾಗಿ ನೇಮಿಸಿದರು.

ಆ ವಿಭಾಗವನ್ನು ರೂಪಿಸಿದವರು ಮಿಜುಕೊ ಇಟೋ ಎಂಬ ವಿದುಷಿಯ ನೇತೃತ್ವದಲ್ಲಿ ನಡೆದ ಅಧ್ಯಯನವೊಂದನ್ನು ಆಧಾರವಾಗಿಟ್ಟುಕೊಂಡಿದ್ದರು. ಮಕ್ಕಳು ಯಂತ್ರದೊಡನೆ ಬೆರೆಯುವುದು ಮೂರು ಬಗೆಯಲ್ಲಿ ಎಂಬುದು ಆ ಅಧ್ಯಯನದ ಸಾರ. ಮೊದಲು ಗೆಳೆಯರೊಡನೆ ಸುಮ್ಮನೆ ಕೂಡುತ್ತಾರೆ. ಆಮೇಲೆ ಅದನ್ನೂ ಇದನ್ನೂ ಮುಟ್ಟಿ ತಡಕಾಡುತ್ತಾರೆ. ಕಡೆಗೆ ಯಾವುದಾದರೊಂದರಲ್ಲಿ ಮೈಮರೆತು ಮುಳುಗುತ್ತಾರೆ. ಕೊಠಡಿಯ ಆಸನಗಳನ್ನೂ ಈ ಮೂರು ಬಗೆಗೆ ಹೊಂದುವಂತೆ ಜೋಡಿಸಿದರು. ಸುಮ್ಮನೆ ಕುಳಿತ ಹುಡುಗನನ್ನು 'ಇಲ್ಲೇಕೆ ಕುಳಿತೆ?' ಎಂದು ಯಾರೂ ಎಬ್ಬಿಸಲಿಲ್ಲ. ಹಾಗೆ ಅಲ್ಲಿಗೆ ಬಂದು ಹೋಗುತ್ತಿದ್ದ ಹುಡುಗರಲ್ಲೊಬ್ಬನು ಅಲ್ಲಿಯ ವೇದಿಕೆಯಲ್ಲಿ ತನ್ನ ಪದ್ಯಗಳನ್ನು ಹಾಡಿದನು. ಗ್ರಂಥಾಲಯದ ಧ್ವನಿಮುದ್ರಣ ಕೋಣೆಯನ್ನು ಬಳಸಿಕೊಂಡನು. 'ಚಾನ್ಸ್ ದ ರ್‍ಯಾಪರ್' ಎಂಬ ಹೆಸರಿನಿಂದ ಪ್ರಸಿದ್ಧನಾಗಿ, 2017ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದ ಗಾಯಕನು ಆತನೇ. ಎಲ್ಲ ಮಕ್ಕಳೂ ಪ್ರಸಿದ್ಧರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ತನ್ನ ಧ್ವನಿಗೆ ಬೆಲೆಯಿದೆ ಎಂದು ಒಂದು ಮಗುವಿಗೆ ಅನಿಸಿದರೆ ಗ್ರಂಥಾಲಯದ ಕೆಲಸ ಸಾರ್ಥಕ.

ಎರಡನೆಯದು ಫಿನ್ಲೆಂಡ್ ದೇಶದ ರಾಜಧಾನಿ ಹೆಲ್ಸಿಂಕಿಯದು. ಅಲ್ಲಿಯ ಕೇಬಲ್ ಗ್ರಂಥಾಲಯವು 1994ರಷ್ಟು ಹಿಂದೆಯೇ ಸಾರ್ವಜನಿಕರಿಗೆ ಅಂತರ್ಜಾಲವನ್ನು ಒದಗಿಸಿ, ಆ ಕಾರ್ಯದಲ್ಲಿ ಜಗತ್ತಿನ ಮೊದಲಿಗರ ಸಾಲಿಗೆ ಸೇರಿತು. 2005ರಲ್ಲಿ ನಗರದ ಪ್ರಧಾನ ಅಂಚೆ ಕಟ್ಟಡದಲ್ಲಿ 'ಗ್ರಂಥಾಲಯ 10' ಆರಂಭವಾಗಿ ಸಂಗೀತ ಮತ್ತು ಧ್ವನಿಮುದ್ರಣಕ್ಕೆ ಅವಕಾಶ ನೀಡಿತು. ಈ ಎರಡು ಸಣ್ಣ ಪ್ರಯೋಗಗಳ ಅನುಭವದ ಮೇಲೆ ನಿಂತದ್ದು 'ಓಡಿ' ಎಂಬ ಕೇಂದ್ರ ಗ್ರಂಥಾಲಯ. 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಸಂಸತ್ ಭವನಕ್ಕೆ ಎದುರಾಗಿ ಅದರ ಬಾಗಿಲು ತೆರೆಯಿತು. ಮೇಲಿನ ಅಂತಸ್ತಿನಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳು. ನಡುವಿನ ಅಂತಸ್ತಿನಲ್ಲಿ ಧ್ವನಿಮುದ್ರಣ ಕೋಣೆಗಳು, ಮೂರು ಆಯಾಮದ ಮುದ್ರಣ ಯಂತ್ರಗಳು, ಹೊಲಿಗೆ ಯಂತ್ರಗಳು. ಹೊಲಿಗೆ ಯಂತ್ರ ಗ್ರಂಥಾಲಯದಲ್ಲಿ ಏಕೆ ಎಂದು ನಾವೂ ಮೊದಲು ಬೆರಗಾದೆವು. ಮನೆಯಲ್ಲಿ ಯಂತ್ರವಿಲ್ಲದವರು ಅಲ್ಲಿಗೆ ಬಂದು ತಮ್ಮ ಮಕ್ಕಳ ಅಂಗಿ ಹೊಲಿದುಕೊಂಡು ಹೋಗುತ್ತಾರೆ ಎಂದು ತಿಳಿದಾಗ ಬೆರಗು ಗೌರವವಾಯಿತು. ಮರುವರ್ಷವೇ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವು ಓಡಿಗೆ ವರ್ಷದ ಸಾರ್ವಜನಿಕ ಗ್ರಂಥಾಲಯವೆಂಬ ಮನ್ನಣೆಯಿತ್ತಿತು.

ಇವೆರಡೂ ಸಿರಿವಂತ ನಗರಗಳ ಮಾತಾಯಿತು ಎನ್ನುವವರಿಗೆ ಮೂರನೆಯ ನಿದರ್ಶನ. ನ್ಯೂಯಾರ್ಕ್ ರಾಜ್ಯದ ಫೇಯೆಟ್‌ವಿಲ್ ಎಂಬುದು ಸಣ್ಣ ಊರು. ಅಲ್ಲಿಯ ಗ್ರಂಥಾಲಯವಿರುವುದು ಹಳೆಯ ಪೀಠೋಪಕರಣ ಕಾರ್ಖಾನೆಯ ಕಟ್ಟಡದಲ್ಲಿ. ಗ್ರಂಥಾಲಯ ವಿಜ್ಞಾನ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬರು ತರಗತಿಗಾಗಿ ಬರೆದ ಪ್ರಸ್ತಾವವೇ ಅಲ್ಲಿ ಕಾರ್ಯರೂಪಕ್ಕೆ ಬಂದಿತು. ಜನರು ತಾವೇ ವಸ್ತುಗಳನ್ನು ತಯಾರಿಸುವ ಕಮ್ಮಟವೊಂದು 2011ರ ಸುಮಾರಿಗೆ ಗ್ರಂಥಾಲಯದೊಳಗೇ ಆರಂಭವಾಗಿ, ಆ ದೇಶದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಈ ಬಗೆಯ ಮೊದಲನೆಯದೆಂದು ಹೆಸರಾಯಿತು. ದೊಡ್ಡ ಕೆಲಸಕ್ಕೆ ದೊಡ್ಡ ಊರೇ ಆಗಬೇಕೆಂದಿಲ್ಲ.

ನಮ್ಮ ನಾಡಿನ ನೆಲೆ

ಕರ್ನಾಟಕಕ್ಕೆ ಗ್ರಂಥಾಲಯದ ಪರಂಪರೆ ಹೊಸದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವು ನಮ್ಮಲ್ಲಿದೆ. ಆಸ್ತಿ ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿಯಂತೆ ಗ್ರಂಥಾಲಯ ಕರವನ್ನು ನಾವೆಲ್ಲರೂ ತೆರುತ್ತಿದ್ದೇವೆ. ಮನೆಯ ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಿದರೆ ಈ ಕರದ ಕಲಮು ಕಾಣುತ್ತದೆ. ಸಂಗ್ರಹವಾದ ಹಣ ಸಕಾಲದಲ್ಲಿ ಗ್ರಂಥಾಲಯವನ್ನು ತಲುಪುವುದಿಲ್ಲವೆಂಬ ದೂರು ಹಳೆಯದು. ಆದರೂ ಗ್ರಂಥಾಲಯದ ಒಂದೊಂದು ಪುಸ್ತಕದಲ್ಲಿಯೂ ಒಂದೊಂದು ಯಂತ್ರದಲ್ಲಿಯೂ ನಮ್ಮ ಪಾಲಿದೆ ಎಂಬುದು ನಿರ್ವಿವಾದ. ಹಕ್ಕಿನಿಂದ ಕೇಳುವುದು ದಾನ ಬೇಡುವುದಲ್ಲ.

2019ರಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಮರುವರ್ಷ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಲಕ್ಷಾಂತರ ಮಕ್ಕಳು ಸದಸ್ಯರಾದರು. ಈ ಗ್ರಂಥಾಲಯಗಳಿಗೆ ಮುಂದೆ 'ಅರಿವು ಕೇಂದ್ರ' ಎಂಬ ಅರ್ಥಪೂರ್ಣವಾದ ಹೆಸರು ಬಂದಿತು. ಗಣಕಯಂತ್ರ, ದೂರದರ್ಶನ ಪರದೆ, ಆಂಡ್ರಾಯ್ಡ್ ದೂರವಾಣಿ ಇವು ಅನೇಕ ಕೇಂದ್ರಗಳಿಗೆ ತಲುಪಿವೆ. ಹೀಗೆ ಅರ್ಧ ದಾರಿ ಸವೆದಿದೆ. ಯಂತ್ರ ತಲುಪಿದ ಮಾತ್ರಕ್ಕೆ ಕೊಠಡಿ ಜೀವ ತಳೆಯುವುದಿಲ್ಲ. ಉಳಿದ ಅರ್ಧವನ್ನು ಸವೆಸುವುದು ಊರವರ ಕೆಲಸ.

ಕೊಠಡಿ ಕಟ್ಟುವ ಬಗೆ

ಮೊದಲು ಸ್ಥಳ. ಓದುವ ಕೋಣೆಗೆ ಮೌನ ಬೇಕು. ಧ್ವನಿಮುದ್ರಣಕ್ಕೂ ಮೌನ ಬೇಕು. ಆದರೆ ಹಾಡುವವರ ಧ್ವನಿ ಓದುವವರಿಗೆ ತೊಡಕಾಗಬಾರದು. ಆದುದರಿಂದ ಎರಡಕ್ಕೂ ನಡುವೆ ಒಂದು ಗೋಡೆ, ಒಂದು ಗಟ್ಟಿ ಬಾಗಿಲು ಇರಲಿ. ರಸ್ತೆಯ ಕಡೆಯ ಕೋಣೆಗಿಂತ ಹಿತ್ತಲ ಕಡೆಯದು ಉತ್ತಮ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕೋಣೆ ಧ್ವನಿಮುದ್ರಣಕ್ಕೆ ಸಾಕು. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಮುದ್ರಣ ಸಾಧ್ಯವಿಲ್ಲ ಎಂಬುದನ್ನು ನೆನಪಿಡಬೇಕು. ಧ್ವನಿ ಮುದ್ರಿಸುವಾಗ ಬೀಸಣಿಗೆಯನ್ನು ಆರಿಸಲೇಬೇಕಾಗುವುದರಿಂದ ಬೆಳಗಿನ ತಂಪು ಹೊತ್ತು ಈ ಕೆಲಸಕ್ಕೆ ಪ್ರಶಸ್ತ.

ಖಾಲಿ ಕೋಣೆಯಲ್ಲಿ ಮಾತನಾಡಿದರೆ ಗೋಡೆಗೆ ತಾಗಿದ ಧ್ವನಿ ಮರಳಿ ಬಂದು ಮಾತು ಕಲಸಿಹೋಗುತ್ತದೆ. ನಗರದ ಧ್ವನಿಮುದ್ರಣ ಮಂದಿರಗಳಲ್ಲಿ ಇದಕ್ಕಾಗಿ ದುಬಾರಿಯಾದ ಹಲಗೆಗಳನ್ನು ಹೊದಿಸುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಅದಕ್ಕೆ ಸುಲಭದ ಉಪಾಯವಿದೆ, ಅದುವೇ ಕೌದಿ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಜೋಡಿಸಿ ನಮ್ಮ ತಾಯಂದಿರು ಹೊಲಿದ ಕೌದಿ ಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಬಿದಿರಿನ ಗಳು ಕಟ್ಟಿ ಎದುರುಬದುರು ನಾಲ್ಕು ಕೌದಿಗಳನ್ನು ಇಳಿಬಿಟ್ಟು, ನೆಲಕ್ಕೊಂದು ಜಮಖಾನೆ ಹಾಸಿದರೆ ಸಾಮಾನ್ಯ ಕೆಲಸಕ್ಕೆ ತಕ್ಕ ಕೋಣೆ ಸಿದ್ಧವಾಗುತ್ತದೆ. ಅಜ್ಜಿ ಹೊಲಿದ ಕೌದಿಯ ಮರೆಯಲ್ಲಿ ಅಜ್ಜಿಯ ಹಾಡನ್ನೇ ಮೊಮ್ಮಗಳು ಮುದ್ರಿಸುವುದಾದರೆ ಅದಕ್ಕಿಂತ ಚೆಲುವಾದ ದೃಶ್ಯ ಯಾವುದು?

ಎರಡನೆಯದು ವಿದ್ಯುತ್ತು. ಮೇಜಿನ ಗಣಕಕ್ಕಿಂತ ಮಡಿಲ ಗಣಕವು ನಮ್ಮ ಹಳ್ಳಿಗಳಿಗೆ ಲೇಸು. ಒಂದಕ್ಕೆ 50 ವ್ಯಾಟ್ ಎಂದು ಹಿಡಿದರೆ ನಾಲ್ಕಕ್ಕೆ 200 ವ್ಯಾಟ್ ಆಗುತ್ತದೆ. ಮನೆಗಳಲ್ಲಿ ಬಳಸುವ 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ತಾಸಿನ ಶಕ್ತಿಯಿರುತ್ತದೆ. ಬ್ಯಾಟರಿಯ ಆಯುಷ್ಯ ಕೆಡದಂತೆ ಅರ್ಧವನ್ನಷ್ಟೇ ಬಳಸಿದರೂ ವಿದ್ಯುತ್ ಕಡಿತದ ಸಮಯದಲ್ಲಿ ಸುಮಾರು ನಾಲ್ಕು ತಾಸು ಕೆಲಸ ಸಾಗುತ್ತದೆ. ಭೂಸಂಪರ್ಕದ ತಂತಿಯನ್ನು ಸರಿಯಾಗಿ ಹಾಕಿಸುವುದು ಮಾತ್ರ ಕಡ್ಡಾಯ. ಮಕ್ಕಳು ಮುಟ್ಟುವ ಯಂತ್ರಗಳಿವು.

ಮೂರನೆಯದು ಉಪಕರಣ. ನಾಲ್ಕು ಮಡಿಲ ಗಣಕ, ಒಂದು ಒಳ್ಳೆಯ ಮೈಕು, ನಾಲ್ಕು ಜೊತೆ ಕಿವಿಯಾಲಿಕೆ, ಪುಟಗಳ ಪ್ರತಿ ತೆಗೆಯುವ ಒಂದು ಸ್ಕ್ಯಾನರು, ಕೇಳುವ ಸ್ಥಿತಿಯಲ್ಲಿರುವ ಒಂದು ಹಳೆಯ ಟೇಪ್ ರೆಕಾರ್ಡರು. ಆರಂಭಕ್ಕೆ ಇಷ್ಟು ಸಾಕು. ತಂತ್ರಾಂಶಕ್ಕಾಗಿ ಹಣ ತೆರಬೇಕಾಗಿಲ್ಲ. ಹಳೆಯ ಗಣಕದಲ್ಲಿಯೂ ನಡೆಯುವ ಲಿನಕ್ಸ್ ವ್ಯವಸ್ಥೆಯುಂಟು. ಧ್ವನಿಯನ್ನು ತಿದ್ದಲು ಆಡಾಸಿಟಿ, ಚಿತ್ರವನ್ನು ತಿದ್ದಲು ಗಿಂಪ್ ಉಚಿತವಾಗಿ ದೊರೆಯುತ್ತವೆ. ಮುದ್ರಿತ ಪುಟದ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸಿ ಕೊಡುವ ಟೆಸೆರ‍್ಯಾಕ್ಟ್ ಎಂಬ ತಂತ್ರಾಂಶವೂ ಉಚಿತವೇ. ಕನ್ನಡದ ಕೀಲಿಮಣೆ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರು ಹಾಕಿದ ಬುನಾದಿಯನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಮಕ್ಕಳಿಗೆ ಮೊದಲ ದಿನದಿಂದಲೇ ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚು ಮಾಡಲು ಕಲಿಸಿದರೆ, ಅವರು ಬರೆದದ್ದು ಮುಂದೆ ಯಾವ ಯಂತ್ರದಲ್ಲಿಯೂ ತೆರೆದೀತು.

ಉಳಿಸಬೇಕಾದ ಧ್ವನಿಗಳು

ಇಷ್ಟೆಲ್ಲ ಸಿದ್ಧವಾದ ಮೇಲೆ ಅಲ್ಲಿ ಮಾಡುವುದೇನು? ನಮ್ಮ ಅಭಿಪ್ರಾಯದಲ್ಲಿ ಮೊದಲ ಕೆಲಸ ಊರಿನ ಧ್ವನಿಯನ್ನು ಉಳಿಸುವುದು. ಬೀಸುವ ಪದ, ಸೋಬಾನೆ, ಹಂತಿಯ ಹಾಡು, ಗೀಗೀ ಪದ, ಬಯಲಾಟದ ಮಾತುಗಾರಿಕೆ ಇವುಗಳನ್ನು ಬಲ್ಲವರು ಊರೂರಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಬೀಸುಕಲ್ಲು ಮೂಲೆ ಸೇರಿತು. ಅದರ ಹಾಡು ಹಿರಿಯ ತಾಯಂದಿರ ಕಂಠದಲ್ಲಿ ಮಾತ್ರ ಉಳಿಯಿತು. ಅಂತಹ ಒಬ್ಬ ತಾಯಿ ಕಣ್ಮುಚ್ಚಿದರೆ ಒಂದು ಕಪಾಟಿನಷ್ಟು ಗ್ರಂಥ ಮಣ್ಣುಗೂಡಿದಂತೆ.

ಅನೇಕ ಮನೆಗಳ ಅಟ್ಟದಲ್ಲಿ ಹಳೆಯ ಧ್ವನಿಸುರುಳಿಗಳೂ ಇವೆ. ಮದುವೆಯ ಹಾಡು, ಪುರಾಣ ಪ್ರವಚನ, ಅಗಲಿದ ತಂದೆಯ ಮಾತು ಅವುಗಳಲ್ಲಿವೆ. ಸುರುಳಿಯ ಆಯಸ್ಕಾಂತದ ಲೇಪ ತೇವಕ್ಕೂ ಬಿಸಿಲಿಗೂ ಕೆಡುತ್ತದೆ. ಬೂಷ್ಟು ಹಿಡಿದ ಅಥವಾ ಅಂಟುವ ಸುರುಳಿಯನ್ನು ಯಂತ್ರಕ್ಕೆ ಹಾಕಬಾರದು. ಅದನ್ನು ಬಲ್ಲವರಿಗೆ ತೋರಿಸಬೇಕು. ಉಳಿದವನ್ನು ಆದಷ್ಟು ಬೇಗ ಗಣಕಕ್ಕೆ ಇಳಿಸಬೇಕು. ಅರವತ್ತು ನಿಮಿಷದ ಸುರುಳಿಯನ್ನು ಇಳಿಸಲು ಅರವತ್ತು ನಿಮಿಷವೇ ಬೇಕು. ಇದಕ್ಕೆ ಅವಸರದ ದಾರಿಯಿಲ್ಲ. ಸಂರಕ್ಷಣೆಯ ಪ್ರತಿಯನ್ನು ಕುಗ್ಗಿಸದ ರೂಪದಲ್ಲಿ, 48 ಕಿಲೋಹರ್ಟ್ಸ್ ಮತ್ತು 24 ಬಿಟ್ ಪ್ರಮಾಣದಲ್ಲಿ ಇಡುವುದು ತಜ್ಞರ ಪದ್ಧತಿ. ಹಾಗೆ ಇಟ್ಟರೆ ಜೋಡಿಧ್ವನಿಯ ಒಂದು ತಾಸಿಗೆ ಸುಮಾರು ಒಂದು ಗಿಗಾಬೈಟ್ ಸ್ಥಳ ಬೇಕು. ಒಂದು ಟೆರಾಬೈಟ್ ತಟ್ಟೆಯಲ್ಲಿ ಒಂಬೈನೂರಕ್ಕೂ ಹೆಚ್ಚು ತಾಸುಗಳ ಧ್ವನಿ ಹಿಡಿಯುತ್ತದೆ. ಮೂರು ಪ್ರತಿಗಳಿರಲಿ, ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಹಾಡಿದವರ ಹೆಸರು, ಊರು, ದಿನಾಂಕ ಇವುಗಳನ್ನು ಬರೆಯದೆ ಮುದ್ರಿಸಿದ ಧ್ವನಿ ಹೆಸರಿಲ್ಲದ ಮಗುವಿನಂತೆ ಅಲೆಯುತ್ತದೆ. ಹಾಡಿದವರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಬೇಕು. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಸುರುಳಿಗಳ ಹಕ್ಕು ಅವರವರದು, ಅವುಗಳನ್ನು ಹಂಚಬಾರದು.

ಎರಡನೆಯ ಕೆಲಸ ಕಣ್ಣಿಲ್ಲದವರಿಗೆ ಓದನ್ನು ತಲುಪಿಸುವುದು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಕಟ್ಟಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. ಅದು ಕನ್ನಡವನ್ನೂ ಓದುತ್ತದೆ. ಯಂತ್ರದ ಉಚ್ಚಾರ ಒರಟು. ಊರಿನ ನಿವೃತ್ತ ಶಿಕ್ಷಕರು ಕೌದಿಯ ಕೋಣೆಯಲ್ಲಿ ಕುಳಿತು ಪಠ್ಯಪುಸ್ತಕವನ್ನು ಓದಿ ಮುದ್ರಿಸಿಕೊಟ್ಟರೆ ಅದು ಅಮೃತ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯಿದೆಯು ಅಂಗವಿಕಲರ ಬಳಕೆಗಾಗಿ ಇಂತಹ ಪ್ರತಿಗಳನ್ನು ಲಾಭದ ಉದ್ದೇಶವಿಲ್ಲದೆ ಮಾಡಲು ಅನುಮತಿ ನೀಡುತ್ತದೆ. ಇದೇ ಆಶಯದ ಅಂತರರಾಷ್ಟ್ರೀಯವಾದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತವೇ. ಕಾಯಿದೆ ಬಾಗಿಲು ತೆರೆದಿದೆ. ಒಳಗೆ ಹೋಗುವವರು ಬೇಕು.

ವಾರದ ವೇಳೆಯನ್ನೂ ಹಂಚಿಕೊಳ್ಳಬೇಕು. ಶಾಲೆ ಬಿಟ್ಟ ಮೇಲಿನ ಎರಡು ತಾಸು ಮಕ್ಕಳದು. ಅದರಲ್ಲಿ ಎರಡು ದಿನ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾಗಿರಲಿ. ಇಲ್ಲವಾದರೆ ಗಂಡುಹುಡುಗರು ಓಡಿ ಬಂದು ಆಸನ ಹಿಡಿಯುತ್ತಾರೆ. ಬೆಳಗಿನ ಹೊತ್ತು ಅರ್ಜಿ, ಪಹಣಿ, ವಿದ್ಯಾರ್ಥಿವೇತನ ಮುಂತಾದ ಕೆಲಸಗಳಿಗೆ ಬರುವ ಹಿರಿಯರದು. ಭಾನುವಾರದ ಬೆಳಗು ಧ್ವನಿಮುದ್ರಣಕ್ಕೆ.

ಕೆಲವು ಆಕ್ಷೇಪಗಳು

'ಯಂತ್ರ ಬಂದರೆ ಪುಸ್ತಕ ಹಿಂದೆ ಸರಿಯುತ್ತದೆ' ಎಂದು ಕೆಲವು ಹಿರಿಯರು ಕಳವಳ ಪಡುತ್ತಾರೆ. ಪುಸ್ತಕಗಳ ನಡುವೆಯೇ ಬೆಳೆದ ನಮಗೂ ಆ ಕಳವಳ ಇರಲಿಲ್ಲವೆಂದಲ್ಲ. ಆದರೆ ಅಜ್ಜಿಯ ಹಾಡನ್ನು ಮುದ್ರಿಸಿದ ಮಗುವಿಗೆ ಅದರಲ್ಲಿಯ ಒಂದು ಪದದ ಅರ್ಥ ತಿಳಿಯದೆ ಹೋದರೆ ಅದು ಹುಡುಕಿಕೊಂಡು ಹೋಗುವುದು ನಿಘಂಟನ್ನೇ. ಪುಸ್ತಕದ ಕಪಾಟು ಆ ಕೊಠಡಿಯೊಳಗೇ ಇರಬೇಕು ಎಂಬುದಷ್ಟೇ ನಮ್ಮ ಸೂಚನೆ. 'ಮಕ್ಕಳು ಕೆಟ್ಟದ್ದನ್ನು ನೋಡುತ್ತಾರೆ' ಎಂಬುದು ಇನ್ನೊಂದು ಭಯ. ಪರದೆಗಳನ್ನು ಗೋಡೆಯ ಕಡೆಗೆ ತಿರುಗಿಸಿ ಇಡದೆ ಎಲ್ಲರಿಗೂ ಕಾಣುವಂತೆ ಇಟ್ಟರೆ ಅರ್ಧ ಭಯ ನೀಗುತ್ತದೆ. ಮಾಡಲು ಕೈತುಂಬ ಕೆಲಸವಿದ್ದರೆ ಉಳಿದರ್ಧವೂ ನೀಗುತ್ತದೆ.

ನಿಜವಾದ ಅಡ್ಡಿ ಇರುವುದು ಬೇರೆ ಕಡೆ. ಬಳಸಿದ ವಸ್ತು ಸವೆಯುತ್ತದೆ. ಸವೆದದ್ದಕ್ಕೆ ಅಲ್ಪ ವೇತನದ ಮೇಲ್ವಿಚಾರಕನನ್ನು ಹೊಣೆ ಮಾಡಿದರೆ ಆತನು ಕೀಲಿ ಹಾಕದೆ ಮತ್ತೇನು ಮಾಡಿಯಾನು? ದಾಖಲೆಯ ಪುಸ್ತಕದಲ್ಲಿ ಯಂತ್ರ ಹೊಸದಾಗಿರಬೇಕೆಂದು ಬಯಸುವ ವ್ಯವಸ್ಥೆ, ಮಗು ಹೊಸದನ್ನು ಕಲಿಯಬಾರದೆಂದು ತನಗೆ ತಿಳಿಯದೆಯೇ ಬಯಸುತ್ತದೆ. ಆದುದರಿಂದ ಕೊಠಡಿ ಕಟ್ಟುವ ಮೊದಲ ಹೆಜ್ಜೆ ಯಂತ್ರದ ಖರೀದಿಯಲ್ಲ. ಸದ್ಬಳಕೆಯಲ್ಲಿ ಕೆಟ್ಟದ್ದಕ್ಕೆ ಮೇಲ್ವಿಚಾರಕರು ಹೊಣೆಯಲ್ಲ, ದುರಸ್ತಿಯ ಖರ್ಚು ಪಂಚಾಯಿತಿಯದು ಎಂಬ ಒಂದು ಠರಾವು. ಅದರ ಬೆನ್ನಿಗೆ ಅವರಿಗೆ ತರಬೇತಿ ಮತ್ತು ಸಕಾಲದ ವೇತನ. ಶಿಕಾಗೋದಲ್ಲಿಯೂ ಕೊಠಡಿ ಗೆದ್ದದ್ದು ಹೇಳಿಕೊಡುವ ಮನುಷ್ಯರಿಂದ.

ಆ ದಿನದ ಉಳಿದ ಕಥೆ

ಮೊದಲಿಗೆ ಹೇಳಿದ ಊರಿನ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆವು. ಆ ಸಂಜೆ ಉಪನ್ಯಾಸಕ್ಕೆ ಮುನ್ನ ಪಂಚಾಯಿತಿಯ ಅಧ್ಯಕ್ಷರು ನಮ್ಮನ್ನು ಕಾಣಲು ಬಂದರು. ಕೀಲಿಯ ವಿಷಯವನ್ನು ಅವರೆದುರು ಇಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲ್ವಿಚಾರಕನನ್ನು ಕರೆಸಿ, "ತೆಗೀಯಪ್ಪಾ. ಕೆಟ್ಟರ ನಾ ಅದೀನಿ. ಮುಂದಿನ ಸಭಾದಾಗ ಠರಾವ್ ಮಾಡೂಣು" ಎಂದರು. ಕೀಲಿ ತೆಗೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಬಟ್ಟೆ ಸರಿಸಿದಾಗ ಎದ್ದ ಧೂಳಿಗೆ ನಾವೆಲ್ಲರೂ ಸೀನಿದೆವು. ಬಾಗಿಲ ಬಳಿ ನಿಂತಿದ್ದ ಬಾಲಕಿ ಯಾರೂ ಕರೆಯುವುದಕ್ಕೆ ಮುಂಚೆಯೇ ಒಳಗೆ ಬಂದಿದ್ದಳು. ಮೇಲ್ವಿಚಾರಕನು ತೋರಿಸಿಕೊಟ್ಟಂತೆ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರನ್ನು ಕನ್ನಡದಲ್ಲಿ ಮೂಡಿಸಿದಳು. ಅದರ ಕೆಳಗೆ ತಾನಾಗಿಯೇ ತನ್ನ ಅವ್ವನ ಹೆಸರನ್ನು ಮೂಡಿಸಿದಳು. ಆ ಯುವಕನ ಮುಖದಲ್ಲಿ ಭಯದ ಬದಲು ಗುರುವಿನ ಹೆಮ್ಮೆ ಕಂಡಿತು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಈ ವಾರ ನಿಮ್ಮ ಊರಿನ ಗ್ರಂಥಾಲಯಕ್ಕೆ ಮನೆಮಂದಿಯೆಲ್ಲ ಒಮ್ಮೆ ಹೋಗಿ ಬನ್ನಿರಿ. ಕೀಲಿ ಹಾಕಿದ ಕೋಣೆಯಿದ್ದರೆ ಮೇಲ್ವಿಚಾರಕರನ್ನು ಜರೆಯದೆ ಅವರ ಕಷ್ಟವನ್ನು ಕೇಳಿರಿ. ಗ್ರಾಮಸಭೆಯಲ್ಲಿ ಆ ಠರಾವಿಗೆ ಕೈ ಎತ್ತಿರಿ. ಅಟ್ಟದ ಮೇಲಿನ ಧ್ವನಿಸುರುಳಿಗಳನ್ನು ಕೆಳಗಿಳಿಸಿರಿ. ಹೆಚ್ಚಾಗಿ ಉಳಿದ ಕೌದಿಯೊಂದಿದ್ದರೆ ಗ್ರಂಥಾಲಯಕ್ಕೆ ಕೊಡಿರಿ. ಮನೆಯ ಹಿರಿಯ ತಾಯಿಯನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ದು, ಅವರು ಮರೆತಿರದ ಒಂದು ಹಾಡನ್ನು ಹಾಡಿಸಿರಿ. ಅವರ ಧ್ವನಿ ಇರುವಾಗಲೇ ಈ ಕೆಲಸ ಆಗಬೇಕು.